ಬೂಷ್ಟಿನ ಕೈಗೆ ಮದ್ದಿನ ಕೆಲಸ

2022ರ ಮಾರ್ಚ್ 16ರಂದು ದೇಶದಾದ್ಯಂತ 12ರಿಂದ 14 ವರ್ಷದ ಮಕ್ಕಳಿಗೆ ಕೋವಿಡ್ ಲಸಿಕೆ ಹಾಕುವುದು ಶುರುವಾಯಿತು. ವಿಜಯಪುರ ನಗರದ ದೊಡ್ಡ ಶಾಲೆಯಿರಲಿ, ತಿಕೋಟಾ, ಬಬಲೇಶ್ವರ ಕಡೆಯ ಹಳ್ಳಿ ಶಾಲೆಯಿರಲಿ, ಸರ್ಕಾರಿ ಅಭಿಯಾನದಲ್ಲಿ ಆ ವಯಸ್ಸಿನವರಿಗೆಂದು ಗೊತ್ತುಮಾಡಿದ್ದ ಲಸಿಕೆ ಒಂದೇ: ಹೈದರಾಬಾದಿನ ಬಯಾಲಜಿಕಲ್ ಇ ಕಂಪನಿಯ ಕೋರ್ಬೆವ್ಯಾಕ್ಸ್. ಜ್ವರ ಬರುತ್ತದೆಯೇ, ಕೈ ನೋಯುತ್ತದೆಯೇ ಎಂದು ಮನೆಯವರು ವಿಚಾರಿಸುವುದು ಸಹಜ. ಇದನ್ನು ಎಲ್ಲಿ, ಯಾವುದರಲ್ಲಿ ಬೆಳೆಸಿದರು ಎಂದು ವಿಚಾರಿಸುವವರು ಅಪರೂಪ. ಅದನ್ನು ಬೆಳೆಸಿದ್ದು ಪಿಕಿಯಾ ಪ್ಯಾಸ್ಟೊರಿಸ್ ಎಂಬ ಯೀಸ್ಟ್‌ನಲ್ಲಿ, ಅಂದರೆ ಒಂದು ಶಿಲೀಂಧ್ರದಲ್ಲಿ. ಕೊರೊನಾ ವೈರಸ್ ನಮ್ಮ ಜೀವಕೋಶಕ್ಕೆ ಅಂಟಿಕೊಳ್ಳಲು ಬಳಸುವ ಮುಳ್ಳಿನ ತುದಿಭಾಗ ಇದೆಯಲ್ಲ, ಅದರ ಜೀನನ್ನು ಯೀಸ್ಟ್‌ನ ವಂಶವಾಹಿಯೊಳಗೆ ಕೂಡಿಸಿದರು. ಯೀಸ್ಟ್ ತನಗೆ ಯಾವ ಉಪಯೋಗಕ್ಕೂ ಬಾರದ ಆ ಪ್ರೋಟೀನನ್ನು ಟ್ಯಾಂಕುಗಟ್ಟಲೆ ತಯಾರಿಸಿ ಕೊಟ್ಟಿತು. ಮೂಲ ತಳಿಯನ್ನು ಸಿದ್ಧಪಡಿಸಿದ್ದು ಅಮೆರಿಕದ ಟೆಕ್ಸಾಸ್ ಮಕ್ಕಳ ಆಸ್ಪತ್ರೆ ಮತ್ತು ಬೇಲರ್ ವೈದ್ಯಕೀಯ ಕಾಲೇಜಿನ ಪೀಟರ್ ಹೋಟೆಜ್, ಮರಿಯಾ ಎಲೆನಾ ಬೊಟಾಝಿ ತಂಡ. ಅದಕ್ಕೆ ಅವರು ಪೇಟೆಂಟ್ ಹಾಕಿಸಲಿಲ್ಲ.

ಹಾಗೆ ನೋಡಿದರೆ ಇದು ಕುಲಾಂತರಿ ಜೀವಿಯ ಸರಕು. ಕುಲಾಂತರಿ ಎಂಬ ಮಾತು ಕೇಳಿದರೆ ಕರ್ನಾಟಕದ ರೈತ ಚಳವಳಿಯವರ ಕಿವಿ ನೆಟ್ಟಗಾಗುತ್ತದೆ. 1998ರ ಕೊನೆಯಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ನೇತೃತ್ವದಲ್ಲಿ ರೈತ ಸಂಘದವರು ರಾಯಚೂರು ಜಿಲ್ಲೆಯಲ್ಲಿ ಬಿಟಿ ಹತ್ತಿಯ ಪ್ರಾಯೋಗಿಕ ತಾಕುಗಳಿಗೆ ಬೆಂಕಿ ಹಚ್ಚಿದ್ದು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಅದಕ್ಕೂ ಒಂದು ವರ್ಷ ಮೊದಲೇ, 1997ರಲ್ಲಿ, ಪಕ್ಕದ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಕಂಪನಿ ಇದೇ ಪಿಕಿಯಾ ಯೀಸ್ಟ್‌ಗೆ ಹೆಪಟೈಟಿಸ್ ಬಿ ವೈರಸ್‌ನ ಹೊರಕವಚದ ಜೀನ್ ಸೇರಿಸಿ ಲಸಿಕೆ ಮಾಡಿ ಮಾರುಕಟ್ಟೆಗೆ ಬಿಟ್ಟಿತ್ತು. ಭಾರತದಲ್ಲೇ ರೂಪುಗೊಂಡ ಮೊದಲ ಜೀನ್ ಮಾರ್ಪಾಡಿನ ಲಸಿಕೆ ಅದು. ಕೆ.ಐ. ವರಪ್ರಸಾದ ರೆಡ್ಡಿ ಕಟ್ಟಿದ ಕಂಪನಿ. ಆಮದು ಲಸಿಕೆ ಡೋಸಿಗೆ ನೂರಾರು ರೂಪಾಯಿ ಇದ್ದ ಕಾಲದಲ್ಲಿ ಇವರದು 50 ರೂಪಾಯಿಯ ಆಸುಪಾಸು. ಬೆಂಕಿ ಹಚ್ಚುವುದಿರಲಿ, ಒಂದು ಕರಪತ್ರವೂ ಅದರ ವಿರುದ್ಧ ಹೊರಟ ನೆನಪು ಯಾರಿಗೂ ಇದ್ದಂತಿಲ್ಲ.

ಈ ಎರಡು ಪ್ರತಿಕ್ರಿಯೆಗಳಲ್ಲಿ ವಿರೋಧಾಭಾಸ ಇದೆ ಎಂದು ಕೆಲವು ವಿಜ್ಞಾನಿಗಳು ಮೂಗು ಮುರಿಯುತ್ತಾರೆ. ಅಷ್ಟು ಸುಲಭಕ್ಕೆ ಮೂಗು ಮುರಿಯಬೇಕಾಗಿಲ್ಲ. ಹತ್ತಿ ಬೆಳೆಯುವುದು ಬಯಲಿನಲ್ಲಿ, ಪರಾಗ ಗಾಳಿ ಮತ್ತು ಹುಳುಗಳ ಪಾಲು, ಬೀಜ ಕಂಪನಿಯ ಪಾಲು. ಯೀಸ್ಟ್ ಬೆಳೆಯುವುದು ಉಕ್ಕಿನ ಮುಚ್ಚಿದ ಟ್ಯಾಂಕಿನಲ್ಲಿ. ಕೆಲಸ ಮುಗಿದ ಮೇಲೆ ಅದನ್ನು ಕೊಂದೇ ಹೊರಗೆ ಬಿಡಬೇಕು. ಜೊತೆಗೆ ಅದು ಕೊಟ್ಟದ್ದು ಬೆಲೆ ಇಳಿಸಿದ ಲಸಿಕೆ. ಜನ ಲೆಕ್ಕ ಹಾಕಿದ್ದು ತಂತ್ರಜ್ಞಾನದ ಹೆಸರಿನ ಮೇಲೆ ಅಲ್ಲ ಎಂದೇ ಕಾಣುತ್ತದೆ.

ಶಿಲೀಂಧ್ರ ಎಂದರೆ ವಿಜಯಪುರ ಸೀಮೆಯ ರೈತನಿಗೆ ಮೊದಲು ನೆನಪಾಗುವುದು ಬೆಳೆಗೆ ಔಷಧ ಹೊಡೆಯುವ ಪಂಪು. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮುಗಿದು ಹೊಸ ಚಿಗುರು ಒಡೆದ ಹೊತ್ತಿಗೆ ಮೋಡ ಕವಿದು ನಾಲ್ಕು ಹನಿ ಬಿತ್ತೆಂದರೆ ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ಪಡಗಳಲ್ಲಿ ಯಾರಿಗೂ ನಿದ್ದೆ ಇಲ್ಲ. ಎಲೆಯ ಮೇಲ್ಮೈಯಲ್ಲಿ ಎಣ್ಣೆ ಸೋಕಿದಂಥ ಹಳದಿ ಕಲೆ, ತಿರುವಿ ನೋಡಿದರೆ ಅಡಿಯಲ್ಲಿ ಬಿಳಿ ನವಿರು ಕಂಡರೆ ದಾವಣಿ ರೋಗ. ಕಾಯಿಯ ಮೈಮೇಲೆ ಬೂದಿ ಕೂತರೆ ಬೂದಿ ರೋಗ, ಅದಕ್ಕೆ ಗಂಧಕ. (ದಾವಣಿ ತರುವ ಜೀವಿ ನಿಜವಾದ ಶಿಲೀಂಧ್ರವಲ್ಲ, ಪಾಚಿಯ ದೂರದ ದಾಯಾದಿ ಎಂದು ಈಗಿನ ವಿಜ್ಞಾನ ಹೇಳುತ್ತದೆ. ಪಂಪು ಹೊತ್ತವನಿಗೆ ಅದರಿಂದ ಆಗುವ ಉಪಕಾರ ಏನೂ ಇಲ್ಲ.) ದ್ರಾಕ್ಷಿಯನ್ನು ಪೊಟ್ಯಾಷಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ದ್ರಾವಣದಲ್ಲಿ ಅದ್ದಿ ಶೆಡ್ಡಿನ ಬಲೆಯ ಅಟ್ಟಗಳ ಮೇಲೆ ಹರವಿದ ಮೇಲೂ ಈ ಕಾಟ ತಪ್ಪುವುದಿಲ್ಲ. ಒಣಗುವ ದಿನಗಳಲ್ಲಿ ಅಕಾಲಿಕ ಮಳೆ ಸುರಿದರೆ ಮಣೂಕಕ್ಕೆ, ಅಂದರೆ ಒಣದ್ರಾಕ್ಷಿಗೆ, ಬೂಷ್ಟು ಹಿಡಿಯುತ್ತದೆ. ಕಪ್ಪು ಬೂಷ್ಟಿನ ಕೆಲವು ಜಾತಿಗಳು ಓಕ್ರಟಾಕ್ಸಿನ್ ಎಂಬ ವಿಷ ಬಿಡುತ್ತವೆ. ಯುರೋಪಿಗೆ ಹೋಗುವ ಒಣದ್ರಾಕ್ಷಿಯಲ್ಲಿ ಅದು ಕಿಲೋಗೆ 8 ಮೈಕ್ರೊಗ್ರಾಂ ದಾಟುವಂತಿಲ್ಲ.

ಆದರೆ ಅದೇ ಶೆಡ್ಡಿನಿಂದ ಗಂಧಕದ ಹೊಗೆ ಕಾಣದ ಒಂದು ಹಿಡಿ ಒಣದ್ರಾಕ್ಷಿ ತಂದು, ಕಾಯಿಸಿ ಆರಿಸಿದ ನೀರಿನಲ್ಲಿ ನೆನೆಹಾಕಿ, ಬಾಟಲಿಯ ಬಾಯಿ ಸಡಿಲ ಮುಚ್ಚಿ ಬೆಚ್ಚಗಿನ ಮೂಲೆಯಲ್ಲಿಟ್ಟರೆ ಬೇರೆಯೇ ಆಟ. ಮೊದಲ ದಿನ ಹಣ್ಣು ಉಬ್ಬುತ್ತದೆ. ಮೂರನೇ, ನಾಲ್ಕನೇ ದಿನಕ್ಕೆ ಒಂದೊಂದೇ ಹಣ್ಣು ಮೇಲೆ ತೇಲಿ ಬರುತ್ತದೆ, ಅದರ ಸುತ್ತ ಸಣ್ಣ ಗುಳ್ಳೆ. ಮುಚ್ಚಳ ತೆಗೆದರೆ ಹುಳಿ ಹೆಂಡದ ವಾಸನೆ. ಹಣ್ಣಿನ ಸಿಪ್ಪೆಗೆ ಅಂಟಿ ಬಂದ ಯೀಸ್ಟ್ ಸಕ್ಕರೆ ತಿಂದು ಗಾಳಿ ಬಿಡುತ್ತಿದೆ. ಕೋರ್ಬೆವ್ಯಾಕ್ಸ್ ತಯಾರಿಸಿದ್ದು ಈ ಬಳಗಕ್ಕೆ ಸೇರಿದ ಜೀವಿಯೇ.

ಶಿಲೀಂಧ್ರದಿಂದ ಮದ್ದು ಎಂದರೆ ಪೆನಿಸಿಲಿನ್‌ನಿಂದಲೇ ಕತೆ ಶುರುಮಾಡುವುದು ವಾಡಿಕೆ. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಕಂಡದ್ದು ಎಲ್ಲರಿಗೂ ಗೊತ್ತು. ಆತನ ಬೂಷ್ಟು ಲೀಟರ್ ರಸಕ್ಕೆ ಒಂದೆರಡು ಮಿಲಿಗ್ರಾಂ ಮದ್ದು ಕೊಡಲೂ ತಿಣುಕುತ್ತಿತ್ತು ಎಂಬುದು ಅಷ್ಟಾಗಿ ಗೊತ್ತಿಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಪಿಯೋರಿಯಾ ಊರಿನಲ್ಲಿ ಬೂಷ್ಟು ಹಿಡಿದ ಕರಬೂಜ ಹಣ್ಣಿನಿಂದ ಹೆಚ್ಚು ಇಳುವರಿಯ ತಳಿ ಸಿಕ್ಕಿತು. ಅಲ್ಲಿಗೆ ಬಿಡಲಿಲ್ಲ. ಅದಕ್ಕೆ ಎಕ್ಸ್-ರೇ ಹಾಯಿಸಿದರು, ನೇರಳಾತೀತ ಬೆಳಕು ಹಾಯಿಸಿದರು, ವಿಷ ರಾಸಾಯನಿಕ ಉಣಿಸಿದರು. ಬಹುಪಾಲು ಸತ್ತವು. ಉಳಿದವುಗಳಲ್ಲಿ ಹೆಚ್ಚು ಹಿಂಡುವುದನ್ನು ಆರಿಸಿ ಮತ್ತೆ ಅದೇ ಶಿಕ್ಷೆ. ಇಂದಿನ ಕಾರ್ಖಾನೆ ತಳಿಗಳು ಲೀಟರಿಗೆ 50 ಗ್ರಾಂ ದಾಟಿಸುತ್ತವೆ. ಎಷ್ಟೋ ವರ್ಷಗಳ ಬಳಿಕ ಅವುಗಳ ವಂಶವಾಹಿ ಓದಿ ನೋಡಿದಾಗ, ಪೆನಿಸಿಲಿನ್ ತಯಾರಿಸುವ ಜೀನ್‌ಗಳ ಗೊಂಚಲು ಒಂದರ ಬದಲು ಹಲವು ಪ್ರತಿಗಳಾಗಿ ನಿಂತಿದ್ದು ಕಂಡಿತು. ಜೀನ್ ಎಂದರೇನೆಂದು ಸರಿಯಾಗಿ ತಿಳಿಯುವ ಮೊದಲೇ, ಕಣ್ಣು ಕಟ್ಟಿಕೊಂಡು, ಮನುಷ್ಯ ಜೀನ್‌ಗಳನ್ನು ತಿದ್ದಿಯಾಗಿತ್ತು.

ಭಾರತಕ್ಕೆ ಆ ಉದ್ಯಮ ಬಂದದ್ದು ವಿಜಯಪುರಕ್ಕೆ ಬೆಂಗಳೂರಿಗಿಂತ ಹತ್ತಿರವಾದ ಪುಣೆಗೆ. 1954ರಲ್ಲಿ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ ಸ್ಥಾಪನೆಯಾಯಿತು. ಅಲ್ಲಿ ಸಂಶೋಧನೆ ನಡೆಸಿದವರಲ್ಲಿ ಎದ್ದು ಕಾಣುವ ಹೆಸರು ಮೈಸೂರು ಮೂಲದ ಶಿಲೀಂಧ್ರ ವಿಜ್ಞಾನಿ ಎಂ.ಜೆ. ತಿರುಮಲಾಚಾರ್ ಅವರದು. ಮಣ್ಣಿನ ಸೂಕ್ಷ್ಮಜೀವಿಗಳಿಂದ ಅವರ ತಂಡ ಹ್ಯಾಮೈಸಿನ್ ಎಂಬ ಶಿಲೀಂಧ್ರನಾಶಕ ಔಷಧವನ್ನು ಹೊರತೆಗೆಯಿತು. ಅದನ್ನು ಕೊಟ್ಟ ಜೀವಿಗೆ ಪಿಂಪ್ರಿಯ ಹೆಸರೇ ಅಂಟಿತು, ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ. ಅವರ ಮತ್ತೊಂದು ಶೋಧ ಆರಿಯೊಫಂಗಿನ್. ಅದು ಹೋದದ್ದು ತೋಟಗಳಿಗೆ: ದ್ರಾಕ್ಷಿಯ ದಾವಣಿ, ಬೂದಿ ರೋಗಗಳಿಗೆ, ನಿಂಬೆಯ ಅಂಟು ರೋಗಕ್ಕೆ. ಸ್ಟ್ರೆಪ್ಟೊಮೈಸಿಸ್ ಶಿಲೀಂಧ್ರದಂತೆ ಎಳೆಎಳೆಯಾಗಿ ಹಬ್ಬಿದರೂ ಕುಲದಲ್ಲಿ ಬ್ಯಾಕ್ಟೀರಿಯಾ, ಆ ಮಾತು ಬೇರೆ. ಕನ್ನಡದ ಪಠ್ಯಪುಸ್ತಕಗಳಲ್ಲಿ ಫ್ಲೆಮಿಂಗ್ ಇದ್ದಾರೆ. ತಿರುಮಲಾಚಾರ್ ಹೆಸರು ಬಲ್ಲವರು ಕೃಷಿ ಕಾಲೇಜುಗಳಲ್ಲೂ ಕಡಿಮೆ.

ಒಂದು ಜೀವಿಯ ಜೀನನ್ನು ಇನ್ನೊಂದರೊಳಗೆ ಬೇಕೆಂದೇ ಇಡುವ ವಿದ್ಯೆ ಶಿಲೀಂಧ್ರಗಳಿಗೆ ಬಂದದ್ದು 1970ರ ದಶಕದ ಕೊನೆಗೆ. 1978ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಹಿನೆನ್, ಹಿಕ್ಸ್ ಮತ್ತು ಫಿಂಕ್ ಬೇಕರಿ ಯೀಸ್ಟ್‌ನೊಳಗೆ ಹೊರಗಿನ ಡಿಎನ್‌ಎ ನೆಲೆಸುವಂತೆ ಮಾಡಿದರು. ಎಂಟೇ ವರ್ಷಕ್ಕೆ, 1986ರಲ್ಲಿ, ಯೀಸ್ಟ್‌ನಲ್ಲಿ ಮಾಡಿದ ಹೆಪಟೈಟಿಸ್ ಬಿ ಲಸಿಕೆಗೆ ಅಮೆರಿಕದ ಅನುಮತಿ ಸಿಕ್ಕಿತು. ಅಲ್ಲಿಯವರೆಗೆ ಆ ಲಸಿಕೆ ಮಾಡುತ್ತಿದ್ದುದು ಸೋಂಕಿತರ ರಕ್ತದಿಂದ. ಮರುವರ್ಷವೇ ಡೆನ್ಮಾರ್ಕಿನ ನೋವೊ ಕಂಪನಿ ಯೀಸ್ಟ್‌ನಿಂದ ಇನ್ಸುಲಿನ್ ತಯಾರಿಸತೊಡಗಿತು.

ಇನ್ಸುಲಿನ್ ಕಡೆ ಸ್ವಲ್ಪ ನಿಂತು ನೋಡಬೇಕು. ವಿಜಯಪುರದ ಗಾಂಧಿ ಚೌಕದ ಆಸುಪಾಸಿನ ಮೆಡಿಕಲ್ ಅಂಗಡಿಗಳಲ್ಲಿ "ಅಣ್ಣಾರ, ಸಕ್ರಿ ಇಂಜೆಕ್ಷನ್ ಬಾಟ್ಲಿ ಕೊಡ್ರಿ" ಎಂಬ ಮಾತು ಕೇಳಿಸದ ದಿನವಿಲ್ಲ. ಹೆಬ್ಬೆರಳ ಗಾತ್ರದ ಆ ಗಾಜಿನ ಬಾಟಲಿಯಲ್ಲಿ 10 ಮಿಲಿ ದ್ರವ, ಮಿಲಿಗೆ 40 ಯೂನಿಟ್. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜೇ ಆಗಬೇಕು; ಕಿತ್ತಳೆ ಮುಚ್ಚಳದ್ದು 100 ಯೂನಿಟ್ ಬಾಟಲಿಗೆ. ಲೇಬಲ್ ಮೇಲೆ ಸಣ್ಣಕ್ಷರದಲ್ಲಿ ಆರ್-ಡಿಎನ್‌ಎ ಮೂಲದ್ದು ಎಂಬ ಒಕ್ಕಣೆ ಇರುತ್ತದೆ. ಮನುಷ್ಯನ ಇನ್ಸುಲಿನ್ ಜೀನನ್ನು ಸೂಕ್ಷ್ಮಜೀವಿಯೊಳಗಿಟ್ಟು ಮಾಡಿಸಿದ್ದು ಎಂದು ಅದರ ಅರ್ಥ. ಒಂದು ಕಾಲಕ್ಕೆ ಹಂದಿ, ದನಗಳ ಮೇದೋಜೀರಕ ಗ್ರಂಥಿ ಅರೆದು ಇದನ್ನು ತೆಗೆಯುತ್ತಿದ್ದರು. ಸುಮಾರು ಎರಡು ಟನ್ ಹಂದಿಯ ಅಂಗಾಂಗ ಸೋಸಿದರೆ 8 ಔನ್ಸ್, ಕಾಲು ಕಿಲೋಗೂ ಕಡಿಮೆ, ಶುದ್ಧ ಇನ್ಸುಲಿನ್.

ಭಾರತದಲ್ಲಿ ಯೀಸ್ಟ್ ಇನ್ಸುಲಿನ್‌ನ ಮೊದಲ ಹೆಜ್ಜೆ ಬಿದ್ದದ್ದು ವಿಜಯಪುರ ಹಾದುಹೋಗುವ ಹೆದ್ದಾರಿಯಲ್ಲೇ. ಅಂಕೋಲಾ, ಹುಬ್ಬಳ್ಳಿ, ವಿಜಯಪುರ, ಸೊಲ್ಲಾಪುರ ಎಂದು ಸಾಗುವ ರಾಷ್ಟ್ರೀಯ ಹೆದ್ದಾರಿ 52ರಲ್ಲಿ ಮುಂದಕ್ಕೆ ಹೋದರೆ ಔರಂಗಾಬಾದ್, ಈಗಿನ ಛತ್ರಪತಿ ಸಂಭಾಜಿನಗರ. ಅಲ್ಲಿ ನೆಲೆಯಿದ್ದ ವೋಕ್‌ಹಾರ್ಟ್ ಕಂಪನಿ 2003ರಲ್ಲಿ ಹ್ಯಾನ್ಸೆನುಲಾ ಎಂಬ ಯೀಸ್ಟ್‌ನಿಂದ ವೋಸುಲಿನ್ ತಂದಿತು. 2004ರಲ್ಲಿ ಬೆಂಗಳೂರಿನ ಬಯೋಕಾನ್, ಪಿಕಿಯಾ ಯೀಸ್ಟ್‌ನಿಂದ ಇನ್ಸುಜೆನ್ ತಂದಿತು. ಪಿಕಿಯಾದಲ್ಲಿ ಮನುಷ್ಯನ ಇನ್ಸುಲಿನ್ ಮಾಡಿ ಮಾರುಕಟ್ಟೆಗೆ ಬಿಟ್ಟದ್ದು ಜಗತ್ತಿನಲ್ಲೇ ಅದು ಮೊದಲು.

ಬಯೋಕಾನ್ ಕತೆಯ ಬುಡದಲ್ಲೂ ಯೀಸ್ಟೇ ಇದೆ. ಕಿರಣ್ ಮಜುಂದಾರ್ ಅವರ ತಂದೆ ಯುನೈಟೆಡ್ ಬ್ರೂವರೀಸ್‌ನಲ್ಲಿ ಬಿಯರ್ ತಯಾರಿಕೆಯ ಮುಖ್ಯಸ್ಥರು. ಮಗಳೂ ಆಸ್ಟ್ರೇಲಿಯಾದಲ್ಲಿ ಅದೇ ವಿದ್ಯೆ ಕಲಿತು ಬಂದರು. ಹೆಣ್ಣುಮಗಳಿಗೆ ಬ್ರೂವರಿಯ ಯಜಮಾನಿಕೆ ಕೊಡುವವರು ಆಗ ದೇಶದಲ್ಲಿ ಇರಲಿಲ್ಲ. 1978ರಲ್ಲಿ ಬೆಂಗಳೂರಿನ ಬಾಡಿಗೆ ಗ್ಯಾರೇಜಿನಲ್ಲಿ 10 ಸಾವಿರ ರೂಪಾಯಿ ಬಂಡವಾಳದೊಂದಿಗೆ ಕಂಪನಿ ಶುರುವಾಯಿತು; ಮೊದಲ ಸರಕು ಪಪ್ಪಾಯಿಯ ಕಿಣ್ವ ಮತ್ತು ಬಿಯರ್ ತಿಳಿಗೊಳಿಸಲು ಬಳಸುವ ಮೀನಿನ ಅಂಟು. ಅಲ್ಲಿಂದ ಕಿಣ್ವ ಕೊಡುವ ಬೂಷ್ಟುಗಳು, ಬೂಷ್ಟಿನಿಂದ ಕೊಲೆಸ್ಟರಾಲ್ ಇಳಿಸುವ ಲೋವಾಸ್ಟಾಟಿನ್. ಬಯೋಕಾನ್ ತಯಾರಿಸಿದ ಈ ಮದ್ದಿಗೆ 2001ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಸಿಕ್ಕಿತು. ಅದನ್ನು ಕೊಡುವುದು ಆಸ್ಪರ್ಜಿಲಸ್ ಟೆರಿಯಸ್ ಎಂಬ ಮಣ್ಣಿನ ಬೂಷ್ಟು. ಟ್ಯಾಂಕಿನಲ್ಲಿ ಜೀವಿಯನ್ನು ಸಾಕುವ ಕೈಹದ ಮೊದಲು, ಜೀನ್ ವಿದ್ಯೆ ಆಮೇಲೆ. ಈ ಅನುಕ್ರಮವನ್ನು ಗಮನಿಸದೆ ಬಯೋಟೆಕ್ ಪಾರ್ಕುಗಳಿಗೆ ಅಡಿಗಲ್ಲು ಹಾಕುವವರು ಇಂದಿಗೂ ಇದ್ದಾರೆ.

ಪಿಕಿಯಾದ ಸ್ವಭಾವ ಸ್ವಲ್ಪ ವಿಚಿತ್ರ. ಮರದಿಂದ ಒಸರುವ ರಸದಲ್ಲಿ ಬದುಕುವ ಈ ಯೀಸ್ಟ್ ಮೆಥನಾಲ್ ಉಂಡು ಬೆಳೆಯಬಲ್ಲದು. ಕಳ್ಳಭಟ್ಟಿಯಲ್ಲಿ ಬೆರೆತರೆ ಕಣ್ಣು ಕಳೆಯುವ ಅದೇ ಮೆಥನಾಲ್. 1970ರ ದಶಕದಲ್ಲಿ ಅಮೆರಿಕದ ಫಿಲಿಪ್ಸ್ ಪೆಟ್ರೋಲಿಯಂ ಕಂಪನಿ, ಅಗ್ಗದ ಅನಿಲದಿಂದ ಮೆಥನಾಲ್ ಮಾಡಿ ಅದನ್ನು ಈ ಯೀಸ್ಟ್‌ಗೆ ಉಣಿಸಿ ಜಾನುವಾರು ಮೇವು ತಯಾರಿಸಲು ಹೊರಟಿತ್ತು. ತೈಲ ಬಿಕ್ಕಟ್ಟು ಬಂದು ಲೆಕ್ಕ ತಲೆಕೆಳಗಾಯಿತು. ಮೇವಿನ ಕನಸು ಮುರಿದರೂ ಆ ಯೀಸ್ಟ್ ಸಾಕುವ ವಿದ್ಯೆ ಉಳಿಯಿತು. 1980ರ ದಶಕದಲ್ಲಿ ಅದನ್ನೇ ಪ್ರೋಟೀನ್ ಮದ್ದುಗಳ ಕಡೆ ತಿರುಗಿಸಿದರು. ಮೆಥನಾಲ್ ಕಂಡೊಡನೆ ಈ ಯೀಸ್ಟ್ ಅದನ್ನು ಅರಗಿಸುವ ಒಂದು ಕಿಣ್ವವನ್ನು ವಿಪರೀತ ಪ್ರಮಾಣದಲ್ಲಿ ತಯಾರಿಸುತ್ತದೆ. ಆ ಕಿಣ್ವದ ಜೀನ್‌ಗೆ ಒಂದು ಸ್ವಿಚ್ ಇದೆ. ಸ್ವಿಚ್ ಹಾಗೇ ಇಟ್ಟು, ಅದರ ಮುಂದೆ ಇನ್ಸುಲಿನ್ ಜೀನ್ ಜೋಡಿಸಿದರೆ ಮೆಥನಾಲ್ ಹಾಕಿದಾಗಲೆಲ್ಲ ಇನ್ಸುಲಿನ್ ಬರುತ್ತದೆ.

ಟ್ಯಾಂಕಿನೊಳಗಿನ ದಿನಚರಿ ಹೀಗೆ. ಮೊದಲು ಯೀಸ್ಟ್‌ಗೆ ಗ್ಲಿಸರಾಲ್ ಊಟ. ಉಷ್ಣತೆ 30 ಡಿಗ್ರಿಯ ಆಸುಪಾಸು, ಕೆಳಗಿನಿಂದ ಎಡೆಬಿಡದೆ ಗಾಳಿ. ಗ್ಲಿಸರಾಲ್ ಖಾಲಿಯಾದ ಗಳಿಗೆಯಲ್ಲಿ ಯೀಸ್ಟ್ ಉಸಿರಾಟ ತಗ್ಗುತ್ತದೆ, ಪರದೆಯ ಮೇಲೆ ಆಮ್ಲಜನಕದ ಗೆರೆ ಥಟ್ಟನೆ ಮೇಲೇರುತ್ತದೆ. ಪಾಳಿಯ ಮೇಲಿದ್ದವರು ಕಾಯುವುದು ಅದನ್ನೇ. ಆಗ ಮೆಥನಾಲನ್ನು ಸಣ್ಣಗೆ ಬಿಡಲು ಶುರು. ಹೆಚ್ಚಾದರೆ ಯೀಸ್ಟ್ ಸಾಯುತ್ತದೆ, ಕಡಿಮೆಯಾದರೆ ಸ್ವಿಚ್ ಬೀಳುವುದಿಲ್ಲ. ಮೆಥನಾಲ್ ಅರಗುವಾಗ ವಿಪರೀತ ಬಿಸಿ. ಟ್ಯಾಂಕಿನ ಹೊರಗೆ ತಣ್ಣೀರು ಸುತ್ತುತ್ತಿರಬೇಕು. ದಿನಗಳು ಕಳೆದಂತೆ ಒಳಗಿನ ದ್ರವ ಇಡ್ಲಿ ಹಿಟ್ಟಿನಷ್ಟು ಮಂದವಾಗುತ್ತದೆ, ಲೀಟರಿಗೆ 300 ಗ್ರಾಂ ದಾಟಿ ಹಸಿ ಯೀಸ್ಟ್. ಇನ್ಸುಲಿನ್ನಿನ ಪೂರ್ವರೂಪವನ್ನು ಅದು ತನ್ನೊಳಗೆ ಇಟ್ಟುಕೊಳ್ಳದೆ ಹೊರಗಿನ ದ್ರವಕ್ಕೆ ಬಿಡುತ್ತದೆ. ಹಾಗಾಗಿ ಕೋಶಗಳನ್ನು ಒಡೆಯುವ ಗೋಜಿಲ್ಲ. ಸೋಸಿ, ಬೇಕಾದ ಜಾಗದಲ್ಲಿ ಕಿಣ್ವದಿಂದ ಕತ್ತರಿಸಿ, ಹಲವು ಸುತ್ತು ಶುದ್ಧೀಕರಿಸಿದರೆ 21 ಮತ್ತು 30 ಅಮೈನೊ ಆಮ್ಲಗಳ ಎರಡು ಸರಪಳಿಯ ಇನ್ಸುಲಿನ್ ಸಿದ್ಧ.

ಮೆಥನಾಲ್ ವಿಷ, ಮೇಲಾಗಿ ಬೆಂಕಿಗೆ ಬೇಗ ಬೀಳುತ್ತದೆ. ಕಾರ್ಖಾನೆಗೆ ಸ್ಫೋಟ ತಡೆಯುವ ಏರ್ಪಾಟೇ ದೊಡ್ಡ ಖರ್ಚು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿ ಬಹುಕಾಲದಿಂದ ಪಿಕಿಯಾ ಮೇಲೆ ಕೆಲಸ ಮಾಡಿದ ಪಿ.ಎನ್. ರಂಗರಾಜನ್ ಅವರ ತಂಡ ಇದಕ್ಕೆ ಬೇರೊಂದು ದಾರಿ ತೋರಿಸಿತು. ಮೆಥನಾಲ್ ಬದಲು ಮೊನೊಸೋಡಿಯಂ ಗ್ಲುಟಮೇಟ್ ಕೊಟ್ಟರೆ ಚಾಲೂ ಆಗುವ ಬೇರೆ ಸ್ವಿಚ್ ಹುಡುಕಿ, ಕೊರೊನಾ ವೈರಸ್ ಪ್ರೋಟೀನನ್ನು ಅದರಿಂದಲೇ ಮಾಡಿಸಿದರು. ಗೋಬಿ ಮಂಚೂರಿ ಗಾಡಿಗಳಲ್ಲಿ ಟೇಸ್ಟಿಂಗ್ ಪೌಡರ್ ಎಂದು ಚಿಮುಕಿಸುವ ಪುಡಿಯೇ ಅದು.

ಬಯೋಕಾನ್ ಇನ್ಸುಜೆನ್‌ಗೆ ನಿಲ್ಲದೆ ಗ್ಲಾರ್ಜಿನ್ ಎಂಬ ದಿನಕ್ಕೊಂದೇ ಬಾರಿ ಚುಚ್ಚುವ ಇನ್ಸುಲಿನ್ ಕಡೆ ಹೊರಳಿತು. ಮನುಷ್ಯನ ಇನ್ಸುಲಿನ್‌ನಲ್ಲಿ ಒಂದು ಅಮೈನೊ ಆಮ್ಲ ಬದಲಿಸಿ, ತುದಿಗೆ ಎರಡು ಸೇರಿಸಿದರೆ ಅದು ಗ್ಲಾರ್ಜಿನ್. ಚರ್ಮದಡಿ ನಿಧಾನ ಕರಗುತ್ತದೆ. 2021ರ ಜುಲೈನಲ್ಲಿ ಇದರ ಸೆಮ್‌ಗ್ಲೀ ಎಂಬ ರೂಪಕ್ಕೆ ಅಮೆರಿಕ, ಮೂಲ ಬ್ರ್ಯಾಂಡಿನ ಬದಲು ಔಷಧಿ ಅಂಗಡಿಯಲ್ಲೇ ನೇರವಾಗಿ ಕೊಡಬಹುದಾದ ಇನ್ಸುಲಿನ್ ಎಂಬ ಮಾನ್ಯತೆ ಕೊಟ್ಟಿತು. ಅಂಥ ಮಾನ್ಯತೆ ಪಡೆದ ಮೊದಲ ಜೈವಿಕ ಔಷಧ ಅದು. ಪುಣೆಯ ಸೀರಂ ಸಂಸ್ಥೆಯ ಗರ್ಭಕಂಠ ಕ್ಯಾನ್ಸರ್ ತಡೆ ಲಸಿಕೆ ಸರ್ವಾವ್ಯಾಕ್ ಕೂಡ ಜೀನ್ ತಿದ್ದಿದ ಯೀಸ್ಟ್‌ನದೇ. ತೂಕ ಇಳಿಸಲು ಈಚೆಗೆ ಸಿರಿವಂತರು ಮುಗಿಬೀಳುವ ಸೆಮಾಗ್ಲುಟೈಡ್‌ನ ಮೂಲ ತುಣುಕನ್ನು ಡೆನ್ಮಾರ್ಕಿನ ಅದೇ ನೋವೊ ಕಂಪನಿ ಮಾಡುವುದೂ ಬೇಕರಿ ಯೀಸ್ಟ್‌ನಲ್ಲಿ.

ಇಷ್ಟೆಲ್ಲ ಆದದ್ದು ಒಂದು ಜೀನ್, ಒಂದು ಪ್ರೋಟೀನ್ ಎಂಬ ಸರಳ ಲೆಕ್ಕದಲ್ಲಿ. ಗಿಡಮೂಲಿಕೆಯ ಮದ್ದು ಮಾಡಿಸುವುದು ಕಷ್ಟ. ಗಿಡ ಒಂದು ಅಣುವನ್ನು ಹತ್ತಾರು ಹಂತಗಳಲ್ಲಿ ಕಟ್ಟುತ್ತದೆ, ಹಂತಕ್ಕೊಂದು ಕಿಣ್ವ, ಕಿಣ್ವಕ್ಕೊಂದು ಜೀನ್. ಆರ್ಟೆಮಿಸಿನಿನ್ ಎಂಬ ಮಲೇರಿಯಾ ಮದ್ದು ಬರುವುದು ನಮ್ಮ ದವನದ ಬಳಗಕ್ಕೆ ಸೇರಿದ ಗಿಡದಿಂದ. ಅದನ್ನು ಕಂಡುಹಿಡಿದ ಚೀನಾದ ತು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಬಂತು. ಕ್ಯಾಲಿಫೋರ್ನಿಯಾದ ಜೇ ಕೀಸ್ಲಿಂಗ್ ತಂಡ ಆ ಗಿಡದ ಜೀನ್‌ಗಳನ್ನು ಬೇಕರಿ ಯೀಸ್ಟ್‌ಗೆ ಸೇರಿಸಿ 2006ರಲ್ಲಿ ಪೂರ್ವರೂಪ ತೆಗೆಯಿತು; 2013ರ ಹೊತ್ತಿಗೆ ಇಳುವರಿ ಲೀಟರಿಗೆ 25 ಗ್ರಾಂ ಮುಟ್ಟಿತು. ಸನೋಫಿ ಕಂಪನಿ ಇಟಲಿಯಲ್ಲಿ ಕಾರ್ಖಾನೆಯನ್ನೂ ತೆರೆಯಿತು. ಆಮೇಲೆ ಆದದ್ದನ್ನು ತಿಕೋಟಾದ ಯಾವ ರೈತನಾದರೂ ಮೊದಲೇ ಹೇಳಬಹುದಿತ್ತು. ಬೆಳೆಗಾರರು ಹೆಚ್ಚು ಬೆಳೆದರು, ಗಿಡದ ಆರ್ಟೆಮಿಸಿನಿನ್ ಬೆಲೆ ಕಿಲೋಗೆ 250 ಡಾಲರ್‌ಗಿಂತ ಕೆಳಗೆ ಬಿತ್ತು. ಯೀಸ್ಟ್‌ನದು 350 ಡಾಲರ್ ಮೇಲೆ. ಸನೋಫಿ ಕಾರ್ಖಾನೆ ಮಾರಿತು. ಈ ಸುತ್ತಿನಲ್ಲಿ ಹೊಲವೇ ಗೆದ್ದಿತು, ಗೆದ್ದ ಬೆಳೆಗಾರನ ಕೈಗೆ ಬಂದದ್ದು ಕುಸಿದ ಬೆಲೆ ಎಂಬುದನ್ನು ಮರೆಯಬಾರದು.

ಹೊಲ ಸೋತದ್ದೂ ಇದೆ. ಇಂಡಿ ನಿಂಬೆಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂದಾಗ ಜಿಲ್ಲೆ ಹಿಗ್ಗಿತು. ಆದರೆ ನಿಂಬೆ ಬೂಷ್ಟಿಗೆ ಸೋತ ಕತೆ ಹಳೆಯದು. ನೂರು ವರ್ಷದ ಹಿಂದೆ ಜಗತ್ತಿಗೆ ಬೇಕಾದ ಸಿಟ್ರಿಕ್ ಆಮ್ಲದ ಬಹುಭಾಗ ಇಟಲಿಯ ನಿಂಬೆ ತೋಟಗಳಿಂದ ಬರುತ್ತಿತ್ತು. 1917ರಲ್ಲಿ ಜೇಮ್ಸ್ ಕರೀ ಎಂಬ ರಸಾಯನ ತಜ್ಞ, ಆಸ್ಪರ್ಜಿಲಸ್ ನೈಜರ್ ಎಂಬ ಕಪ್ಪು ಬೂಷ್ಟು ಸಕ್ಕರೆ ತಿಂದು ಸಿಟ್ರಿಕ್ ಆಮ್ಲ ಕೊಡುತ್ತದೆ ಎಂದು ತೋರಿಸಿದರು; ಫೈಜರ್ ಕಂಪನಿ ಅದನ್ನು ಹಿಡಿದುಕೊಂಡಿತು. ಈರುಳ್ಳಿಯ ಹೊರಸಿಪ್ಪೆಯ ಮೇಲೆ ಕರಿ ಪುಡಿಯಾಗಿ ಕಾಣುವುದು ಇದೇ ಬೂಷ್ಟಿನ ಬಳಗ. ಇಂದು ಗುಳಿಗೆ, ಸಿರಪ್, ತಂಪು ಪಾನೀಯಗಳಲ್ಲಿರುವ ಸಿಟ್ರಿಕ್ ಆಮ್ಲ ನಿಂಬೆ ಕಂಡದ್ದೇ ಇಲ್ಲ.

ದತ್ತೂರಿ ಕುಟುಂಬದ ಗಿಡಗಳಲ್ಲಿರುವ ಸ್ಕೋಪೊಲಮಿನ್, ಹಯೋಸಯಮಿನ್ ಮದ್ದುಗಳನ್ನು ಯೀಸ್ಟ್‌ನಲ್ಲಿ ಮಾಡಿ ತೋರಿಸಿದ್ದು 2020ರಲ್ಲಿ, ಸ್ಟ್ಯಾನ್‌ಫರ್ಡ್‌ನ ಪ್ರಶಾಂತ್ ಶ್ರೀನಿವಾಸನ್ ಮತ್ತು ಕ್ರಿಸ್ಟಿನಾ ಸ್ಮೋಲ್ಕಿ. 2022ರಲ್ಲಿ ಸರದಿ ನಿತ್ಯಪುಷ್ಪದ್ದು. ಮನೆ ಮುಂದೆ ನೀರು ಹಾಕದಿದ್ದರೂ ಅರಳುವ ಆ ಗಿಡದ ಎಲೆಯಿಂದಲೇ ರಕ್ತ ಕ್ಯಾನ್ಸರಿಗೆ, ಗ್ರಂಥಿ ಕ್ಯಾನ್ಸರಿಗೆ ಕೊಡುವ ಮದ್ದುಗಳು ಬರುತ್ತವೆ. ಅವುಗಳಲ್ಲೊಂದು ವಿನ್‌ಬ್ಲಾಸ್ಟಿನ್; ಅದರ ಒಂದು ಗ್ರಾಂಗೆ ಸುಮಾರು 500 ಕಿಲೋ ಒಣ ಎಲೆ ಬೇಕು. ಡೆನ್ಮಾರ್ಕ್ ಮತ್ತು ಅಮೆರಿಕದ ವಿಜ್ಞಾನಿಗಳು ಒಂದು ಯೀಸ್ಟ್‌ನ ವಂಶವಾಹಿಯಲ್ಲಿ 56 ಕಡೆ ತಿದ್ದುಪಡಿ ಮಾಡಿ ವಿನ್‌ಬ್ಲಾಸ್ಟಿನ್ ಅಣುವಿನ ಎರಡೂ ಅರ್ಧಭಾಗಗಳನ್ನು ಕಟ್ಟಿಸಿ, ಕೊನೆಗೆ ರಾಸಾಯನಿಕ ವಿಧಾನದಿಂದ ಅವನ್ನು ಬೆಸೆದರು. ಇಳುವರಿ ಮೈಕ್ರೊಗ್ರಾಂ ಲೆಕ್ಕದಲ್ಲಿ. ಆಸ್ಪತ್ರೆಯ ಬಾಟಲಿಗೆ ಇಳಿಯಲು ಇನ್ನೂ ಬಹುದೂರ.

ಯೀಸ್ಟ್ ಸಾಧು ಪ್ರಾಣಿ. ಎಳೆ ಬಿಡುವ ಬೂಷ್ಟುಗಳನ್ನು ಬಗ್ಗಿಸುವುದು ಕಷ್ಟ, ಬಗ್ಗಿದರೆ ಲಾಭ ಹೆಚ್ಚು. ಸೆಫಲೆಕ್ಸಿನ್ ಗುಳಿಗೆ ತಿನ್ನದ ಮನೆ ಇಲ್ಲ. ಅದರ ಮೂಲವಸ್ತುವನ್ನು ಮೊದಲು ಪೆನಿಸಿಲಿನ್‌ನಿಂದ ಉದ್ದದ ರಾಸಾಯನಿಕ ಹಂತಗಳಲ್ಲಿ ಮಾಡುತ್ತಿದ್ದರು. ನೆದರ್ಲೆಂಡ್ಸ್‌ನ ಡಿಎಸ್‌ಎಂ ಕಂಪನಿ ಪೆನಿಸಿಲಿಯಂ ಬೂಷ್ಟಿಗೆ ಸ್ಟ್ರೆಪ್ಟೊಮೈಸಿಸ್‌ನ ಒಂದು ಜೀನ್ ಸೇರಿಸಿ, ಟ್ಯಾಂಕಿನಲ್ಲೇ ಆ ಕೆಲಸದ ಬಹುಪಾಲು ಮುಗಿಯುವಂತೆ ಮಾಡಿತು. ದ್ರಾವಕ, ತ್ಯಾಜ್ಯ ಎರಡೂ ಇಳಿದವು. 2015ರಲ್ಲಿ ಅದೇ ಕಂಪನಿ ಮತ್ತು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದವರು ಪೆನಿಸಿಲಿಯಂನಿಂದ ಪೆನಿಸಿಲಿನ್ ಜೀನ್‌ಗಳನ್ನೇ ಕಿತ್ತು, ಬದಲಿಗೆ ಬೇರೆ ಜೀವಿಗಳ ಜೀನ್ ಕೂಡಿಸಿ ಪ್ರವಾಸ್ಟಾಟಿನ್ ಎಂಬ ಕೊಲೆಸ್ಟರಾಲ್ ಮದ್ದನ್ನು ಒಂದೇ ಹಂತದಲ್ಲಿ ಹೊರಡಿಸಿದರು. 2025ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಶೆರ್ರಿ ಗಾವ್ ತಂಡದ ಸುದ್ದಿ ಬಂತು. ಶೇಂಗಾ, ಗೋವಿನಜೋಳಕ್ಕೆ ಹಿಡಿದು ಅಫ್ಲಟಾಕ್ಸಿನ್ ವಿಷ ಬಿಡುವ ಆಸ್ಪರ್ಜಿಲಸ್ ಫ್ಲೇವಸ್‌ನಲ್ಲಿ ಅವರು ಒಂದು ಜೀನ್ ಕೆಡಿಸಿ ನೋಡಿ, ಹೊಸ ಬಗೆಯ ಅಣುಗಳು ಎಲ್ಲಿಂದ ಬರುತ್ತವೆ ಎಂದು ಪತ್ತೆ ಹಚ್ಚಿದರು. ಅಣುಗಳನ್ನು ಸ್ವಲ್ಪ ಮಾರ್ಪಡಿಸಿದಾಗ ರಕ್ತ ಕ್ಯಾನ್ಸರ್ ಕೋಶಗಳ ಮೇಲೆ, ಪ್ರಯೋಗಾಲಯದ ತಟ್ಟೆಯಲ್ಲಿ, ಈಗಿನ ಮದ್ದುಗಳಷ್ಟೇ ಪರಿಣಾಮ ಕಂಡಿತು. ತಟ್ಟೆಯಲ್ಲಿ ಎಂಬ ಮಾತಿಗೆ ಅಡಿಗೆರೆ ಹಾಕಿಕೊಂಡು ಓದಬೇಕು. ಬೂಷ್ಟು ಹಿಡಿದ ಶೇಂಗಾ ತಿಂದರೆ ಸಿಗುವುದು ವಿಷ ಮಾತ್ರ.

ಕಾನೂನಿನ ಮಾತು ಚಿಕ್ಕದು. 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ 1989ರಲ್ಲಿ ಬಂದ ನಿಯಮಗಳ ಪ್ರಕಾರ, ಜೀನ್ ತಿದ್ದಿದ ಸೂಕ್ಷ್ಮಜೀವಿ ಇಟ್ಟುಕೊಳ್ಳುವ ಸಂಸ್ಥೆಯಲ್ಲೇ ಒಂದು ಜೈವಿಕ ಸುರಕ್ಷಾ ಸಮಿತಿ ಇರಬೇಕು. ಅದರ ಮೇಲೆ ಕೇಂದ್ರದ ಸಮಿತಿಗಳು. ನಿಯಮ ಹಳೆಯದು, ಸದುದ್ದೇಶದ್ದು. ತಪಾಸಣೆಯ ವಿವರ ಜನರ ಕಣ್ಣಿಗೆ ಬೀಳುವುದು ತೀರಾ ಕಡಿಮೆ, ಅದು ಸರಿಯಲ್ಲ. ಮುಚ್ಚಿದ ಟ್ಯಾಂಕು ನಿಜಕ್ಕೂ ಮುಚ್ಚಿದೆ ಎಂಬ ಭರವಸೆಯ ಮೇಲೆಯೇ ಈ ಇಡೀ ಉದ್ಯಮದ ಮೇಲಿನ ಜನರ ನಂಬಿಕೆ ನಿಂತಿರುವುದರಿಂದ ಆ ವಿವರ ಪ್ರಕಟವಾಗಬೇಕು.

ಇನ್ನುಳಿದದ್ದು ಬೆಲೆ. 2019ರಲ್ಲಿ ಬಯೋಕಾನ್, ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಿಗೆ ಮನುಷ್ಯ ಇನ್ಸುಲಿನ್ನನ್ನು ದಿನಕ್ಕೆ 10 ಅಮೆರಿಕನ್ ಸೆಂಟ್‌ಗಿಂತ ಕಡಿಮೆಗೆ ಕೊಡುವುದಾಗಿ ಸಾರಿತು. ಜೀನ್ ವಿದ್ಯೆಯನ್ನು ಹೊಗಳುವವರೂ ತೆಗಳುವವರೂ ಕೇಳಬೇಕಾದ್ದು ಇಂಥ ಅಂಕಿಯನ್ನೇ. ಅದು ಬಬಲೇಶ್ವರದ ಮೆಡಿಕಲ್ ಅಂಗಡಿಯ ಬಿಲ್ಲಿನಲ್ಲಿ ಎಷ್ಟಾಗಿ ಕಾಣುತ್ತದೆ ಎಂಬುದನ್ನೂ. ಬಾಟಲಿ ಕೊಂಡವರಿಗೆ ಒಂದು ಮಾತು: ವಿಜಯಪುರದ ಬೇಸಿಗೆ 40 ಡಿಗ್ರಿ ದಾಟುತ್ತದೆ. ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು, ಹೆಪ್ಪುಗಟ್ಟಬಾರದು. ಹೆರಿಗೆಯಾದ ಮನೆಯವರು, ಕೂಸಿಗೆ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿದ್ದಾರೆಯೇ ಎಂದು ಆಸ್ಪತ್ರೆಯಲ್ಲಿ ಕೇಳಬೇಕು.

ಜಿಲ್ಲೆಯ ಕಾಲೇಜುಗಳಿಗೂ ಒಂದು ಕೋರಿಕೆ ಇದೆ. ಹಿಟ್ನಳ್ಳಿ ಫಾರ್ಮಿನಲ್ಲಿ ಕೃಷಿ ಕಾಲೇಜು, ತೊರವಿಯಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ, ನಗರದಲ್ಲಿ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು ಇವೆ. ಜತ್ತ ಸೀಮೆಯಲ್ಲಿ ಹುಟ್ಟಿ ಸಾರವಾಡದ ಬಳಿ ಹಾಯುವ ಡೋಣಿಯ ನೀರು ಸವಳು, ದಂಡೆಯ ಎರೆ ಮಣ್ಣಿನಲ್ಲೂ ಉಪ್ಪು. ಉಪ್ಪು ತಡೆದುಕೊಳ್ಳುವ ಶಿಲೀಂಧ್ರಗಳು ಅಪರೂಪದ ಅಣುಗಳನ್ನು ಕಟ್ಟಬಲ್ಲವು ಎಂಬುದು ಬೇರೆಡೆ ಕಂಡ ಸಂಗತಿ. ದ್ರಾಕ್ಷಿ ಪಡ, ಮಣೂಕ ಶೆಡ್ಡು, ಡೋಣಿ ದಂಡೆ, ಮೂರೂ ಕಡೆಯ ಬೂಷ್ಟು, ಯೀಸ್ಟ್‌ಗಳನ್ನು ಎಂ.ಎಸ್ಸಿ. ವಿದ್ಯಾರ್ಥಿಗಳು ಬೇರ್ಪಡಿಸಿ ಗುರುತಿಸಲಿ. ಅದಕ್ಕೆ ಜೀನ್ ತಿದ್ದುವ ದುಬಾರಿ ಯಂತ್ರ ಬೇಡ. ಅಗರ್ ತಟ್ಟೆ, ಸೂಕ್ಷ್ಮದರ್ಶಕ, ತಾಳ್ಮೆ ಇದ್ದರೆ ಆಯಿತು. ಹಾಗೆ ಸಿಕ್ಕ ಶುದ್ಧ ತಳಿಗಳನ್ನು ಕಾಪಿಡಲು ಪುಣೆಯ ಅಗರ್ಕರ್ ಸಂಶೋಧನಾ ಸಂಸ್ಥೆಯಲ್ಲಿ ರಾಷ್ಟ್ರೀಯ ಶಿಲೀಂಧ್ರ ಸಂಗ್ರಹ ಕೇಂದ್ರವೇ ಇದೆ.